ತಲಪಾಡಿಯ ಆಚೆಗೆ ನಮ್ಮ ಸರಕು



ನಂದಿಕೂರಿನಿಂದ ಹೊರಟು ಪಡುಬಿದ್ರಿ, ಮಂಗಳೂರು, ತಲಪಾಡಿ ದಾಟಿದರೆ ಕೇರಳ. ಮಂಜೇಶ್ವರ, ಉಪ್ಪಳ, ಕಾಸರಗೋಡಿನಲ್ಲಿ ನಮಗೆ ನೆಂಟರಿದ್ದಾರೆ, ಗಿರಾಕಿಗಳೂ ಇದ್ದಾರೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅದೇ ವರ್ಷ ಕೇಂದ್ರ ಮಾರಾಟ ತೆರಿಗೆ ಕಾಯ್ದೆಯೂ ಬಂತು. ನೆಂಟಸ್ತಿಕೆಗೆ ಇಲ್ಲದ ಗಡಿ ಅಂದಿನಿಂದ ವ್ಯಾಪಾರಕ್ಕೆ ಉಂಟು.

2017ರ ಜುಲೈ 1ರಂದು ಜಿಎಸ್‌ಟಿ ಜಾರಿಯಾಗಿ, ಗಡಿಯ ಮಾರಾಟ ತೆರಿಗೆ ಚೆಕ್‌ಪೋಸ್ಟ್ ಹೋಯಿತು. ಇನ್ನು ಯಾವ ಅಡ್ಡಿಯೂ ಇಲ್ಲ ಅಂತ ನಮ್ಮಲ್ಲಿ ಹಲವರು ತಿಳಿದಿದ್ದಾರೆ. ಆದರೆ ಬಿಲ್ಲಿನ ಮಟ್ಟಿಗೆ ಗಡಿ ಇನ್ನೂ ಉಂಟು.

ಕರ್ನಾಟಕದೊಳಗೆ ಸರಕು ಮಾತ್ರ ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ರೂಪಾಯಿ ಮೀರುವ ತನಕ ಸಾಮಾನ್ಯವಾಗಿ ನೋಂದಣಿ ಬೇಡ. ತೆರಿಗೆಯುಳ್ಳ ಸರಕನ್ನು ಹೊರ ರಾಜ್ಯಕ್ಕೆ ಮಾರಿದರೆ ಈ ರಿಯಾಯಿತಿ ಸಿಗುವುದಿಲ್ಲ. ಕೆಲವು ಕರಕುಶಲ ವಸ್ತುಗಳನ್ನು ಬಿಟ್ಟರೆ, ಐದು ಸಾವಿರದ ಮಾಲಿಗೂ ನೋಂದಣಿ ಕಡ್ಡಾಯ. ಕಾಂಪೊಸಿಷನ್ ಪದ್ಧತಿಯವರು ಹೊರಗಿನಿಂದ ಮಾಲು ತರಬಹುದು, ಹೊರಕ್ಕೆ ಮಾರುವಂತಿಲ್ಲ.

ನಮ್ಮೂರಿನ ಮಹಿಳೆಯರ ಒಂದು ಗುಂಪು ಹಪ್ಪಳ, ಉಪ್ಪಿನಕಾಯಿ ಎರಡನ್ನೂ ಮಾಡ್ತದೆ ಅಂತ ಇಟ್ಟುಕೊಳ್ಳೋಣ. ಹಪ್ಪಳಕ್ಕೆ ತೆರಿಗೆ ಇಲ್ಲ. ಅದನ್ನಷ್ಟೇ ಉಪ್ಪಳದ ಅಂಗಡಿಗೆ ಕಳಿಸಿದರೆ ನೋಂದಣಿಯ ಮಾತೇ ಬರುವುದಿಲ್ಲ. ಉಪ್ಪಿನಕಾಯಿಗೆ ತೆರಿಗೆ ಉಂಟು. ಅದನ್ನೂ ಮಾರಿದರೆ ನೋಂದಣಿ ಬೇಕು. ತಾನೇ ಬೆಳೆದ ಮಲ್ಲಿಗೆ, ಗುಳ್ಳ ಮಾರುವ ಕೃಷಿಕರಿಗೆ ಈ ತೊಂದರೆ ಇಲ್ಲ.

ನೋಂದಣಿಗೆ ಸರಕಾರಿ ಶುಲ್ಕವಿಲ್ಲ, ಹೊಣೆ ಮಾತ್ರ ಸಣ್ಣದಲ್ಲ. ಆಚೆಗೆ ಹೋಗುವ ಮಾಲಿಗೆ ಐಜಿಎಸ್‌ಟಿ ಹಾಕಬೇಕು. ರಾಜ್ಯದ ಪಾಲು ಮಾಲು ಬಳಕೆಯಾಗುವ ಕೇರಳಕ್ಕೆ ಸಲ್ಲುತ್ತದೆ. ಮಾಲಿನ ಬೆಲೆ 50 ಸಾವಿರ ರೂಪಾಯಿ ಮೀರಿದರೆ ಇ-ವೇ ಬಿಲ್ ಜೊತೆಗಿರಬೇಕು. ಅಂತರರಾಜ್ಯ ಸಾಗಾಟಕ್ಕೆ ಈ ನಿಯಮ 2018ರ ಏಪ್ರಿಲ್ 1ರಿಂದ ಉಂಟು. ವ್ಯಾಪಾರವಿಲ್ಲದ ಅವಧಿಗೂ ರಿಟರ್ನ್ ಸಲ್ಲಿಸಬೇಕು. ಊರಲ್ಲೇ ಮಾರುವ ಉಪ್ಪಿನಕಾಯಿಗೂ ಆಮೇಲೆ ತೆರಿಗೆ ಬೀಳ್ತದೆ. ಕೇರಳದ ಗಿರಾಕಿಯಿಂದ ಸಿಗುವ ಲಾಭ ಇಷ್ಟನ್ನು ತಾಳೀತೇ ಅಂತ ಮೊದಲೇ ಲೆಕ್ಕ ಹಾಕಬೇಕು.

ತಾಳದಿದ್ದರೆ ಮಾರಾಟ ಬಿಡಬೇಕೆಂದಿಲ್ಲ. ನೋಂದಣಿಯಿರುವ ಸಹಕಾರಿ ಸಂಘವೊಂದು ಸದಸ್ಯರ ಮಾಲನ್ನು ಕ್ರಯಕ್ಕೆ ಕೊಂಡು, ತನ್ನದೇ ಬಿಲ್ಲಿನಲ್ಲಿ ಆಚೆಗೆ ಮಾರಬಹುದು. ಆಗ ಸದಸ್ಯರು ಮಾರಿದ್ದು ಊರಿನ ಸಂಘಕ್ಕೆ. 40 ಲಕ್ಷದೊಳಗಿನವರಿಗೆ ನೋಂದಣಿ ಬೇಡ. ಇ-ವೇ ಬಿಲ್ಲು, ರಿಟರ್ನು ಎಲ್ಲ ಸಂಘದ ಕೆಲಸ. ಒಬ್ಬೊಬ್ಬರಿಗೆ ಆಗದ್ದನ್ನು ಹತ್ತು ಜನ ಕೂಡಿ ಮಾಡಲಿಕ್ಕೇ ತಾನೇ ನಾವು ಸಂಘ ಕಟ್ಟುವುದು? ರಜತ ವರ್ಷದ ಮಹಾಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲಿ ಎಂದು ಕೋರುತ್ತೇವೆ.