ಮರುಕಲಿಕೆಯ ಕಾಲ ಯಾರ ಖರ್ಚಿನಲ್ಲಿ?

(ಡಾರ್ಟ್‌ಮುಂಡ್‌ನಲ್ಲಿ ಕನ್ನಡದ ಗೆಳೆಯರು ಮೇ ದಿನದಂದು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಕಾರ್ಮಿಕರ ದಿನದ ಈ ಸಭೆಯಲ್ಲಿ ಮಾತನಾಡಲು ನನಗಿರುವ ಅರ್ಹತೆ ಒಂದೇ: ನಾನು ಕೆಲಸ ಕಳೆದುಕೊಂಡವನು. ಹದಿನೇಳು ವರ್ಷ ಡೀಸೆಲ್ ಎಂಜಿನ್‌ಗಳ ನಿಯಂತ್ರಣ ತಂತ್ರಾಂಶ ಬರೆದೆ. ವಿದ್ಯುತ್ ವಾಹನಗಳ ಕಾಲ ಬಂತು, ನಮ್ಮ ವಿಭಾಗವನ್ನೇ ಮುಚ್ಚಿದರು. ಆಗ ನನಗೆ 48 ವರ್ಷ. ಊರಿನಿಂದ ಫೋನ್ ಮಾಡಿದವರೆಲ್ಲ ಒಂದೇ ಸಮಾಧಾನ ಹೇಳಿದರು: "ಹೊಸದೇನಾದರೂ ಕಲಿ, ಓದಿದವನು ನೀನು, ನಿನಗೇನು ಕಷ್ಟ?" ಆ ಮಾತಿನಲ್ಲಿ ಪ್ರೀತಿಯಿತ್ತು. ಆದರೆ ಕಲಿಯುವಷ್ಟು ದಿನ ಮನೆಯ ಬಾಡಿಗೆ ಕಟ್ಟುವವರು ಯಾರು ಎಂಬ ಪ್ರಶ್ನೆಗೆ ಅದರಲ್ಲಿ ಜಾಗವಿರಲಿಲ್ಲ. ಇಂದು ನಾನು ಆಡಬೇಕೆಂದಿರುವುದು ಆ ಪ್ರಶ್ನೆಯನ್ನು ಕುರಿತು ಮಾತ್ರ.

ನಾನು ಬಂಗಾರಪೇಟೆಯವನು. ನಮ್ಮೂರಿನ ಪಕ್ಕದ ಕೋಲಾರ ಚಿನ್ನದ ಗಣಿಗಳನ್ನು 2001ರ ಫೆಬ್ರುವರಿ 28ರಂದು ಮುಚ್ಚಲಾಯಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹರಿದದ್ದು ಆ ಗಣಿಗಳಿಗೆ. ಅಲ್ಲಿನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳವಾಗಿತ್ತು. ಆ ಆಳದ ಬಂಡೆಯ ಬಿಸಿಯಲ್ಲಿ ದುಡಿದವರಲ್ಲಿ ಬಹುಪಾಲು ಜನ ತಮಿಳು ಮಾತನಾಡುವ ದಲಿತರು. ಬಂಡೆ ಕೊರೆಯುವುದು, ಕುಸಿಯುವ ಛಾವಣಿಗೆ ಆಸರೆ ಕೊಡುವುದು, ಪಾತಾಳಕ್ಕೆ ಗಾಳಿ ಇಳಿಸುವುದು, ಪಂಜರವನ್ನು ಮೇಲೆಳೆಯುವ ಯಂತ್ರ ನಡೆಸುವುದು, ಎಲ್ಲವೂ ವರ್ಷಗಟ್ಟಲೆ ಕಲಿತ ವಿದ್ಯೆ. ಗಣಿ ಮುಚ್ಚಿದಾಗ 'ಸ್ವಯಂ ನಿವೃತ್ತಿ' ಎಂಬ ಹೆಸರಿನಲ್ಲಿ ಒಂದಿಷ್ಟು ಹಣ ಬಂತು. ಬರಬೇಕಾದ ಬಾಕಿಗಾಗಿ ಜನ ವರ್ಷಗಟ್ಟಲೆ ಅಲೆದರು. ನಿಮಗೆ ಏನು ಬರುತ್ತದೆ, ಇನ್ನೇನು ಕಲಿಯಬಲ್ಲಿರಿ ಎಂದು ಕೇಳಿದವರನ್ನು ನಾನು ಕಾಣಲಿಲ್ಲ.

ನಾನು ಕಂಡದ್ದು ನಸುಕಿನ ರೈಲನ್ನು. ಮಾರಿಕುಪ್ಪಮ್‌ನಿಂದ ಹೊರಟು ನಮ್ಮೂರಿಗೆ ಬರುವ ಹೊತ್ತಿಗೆ ಅದು ಕಿಕ್ಕಿರಿದಿರುತ್ತಿತ್ತು. ಕಟ್ಟಡ ಕಾಯಲು, ಕಚೇರಿ ಗುಡಿಸಲು, ಅಂಗಡಿಗಳಲ್ಲಿ ದುಡಿಯಲು ಗಣಿಯ ಮನೆಗಳ ಗಂಡಸರು, ಹೆಂಗಸರು ಬೆಂಗಳೂರಿಗೆ ಹೋಗುತ್ತಿದ್ದರು. ಅವರೂ ಹೊಸ ವೃತ್ತಿ ಕಲಿತರು ನಿಜ. ಕಲಿತದ್ದು ತಮ್ಮದೇ ನಿದ್ದೆಯ ಖರ್ಚಿನಲ್ಲಿ.

ಈಗ ನಾವು ಕುಳಿತಿರುವ ನೆಲವನ್ನು ನೋಡಿ. ಇದೂ ಗಣಿಗಳ ನಾಡೇ. 1950ರ ದಶಕದಲ್ಲಿ ಪಶ್ಚಿಮ ಜರ್ಮನಿಯ ಕಲ್ಲಿದ್ದಲು ಗಣಿಗಳಲ್ಲಿ ಸುಮಾರು 6 ಲಕ್ಷ ಜನ ದುಡಿಯುತ್ತಿದ್ದರು, ಬಹುಪಾಲು ಈ ರೂರ್ ಪ್ರದೇಶದಲ್ಲಿ. ಬೊಟ್ರೋಪ್‌ನ ಕೊನೆಯ ಗಣಿ ಮುಚ್ಚಿದ್ದು 2018ರ ಡಿಸೆಂಬರ್ 21ರಂದು. ಇದೇ ಕೊನೆ ಎಂಬುದು 2007ರಲ್ಲೇ ಕಾನೂನಾಗಿ ನಿಶ್ಚಯವಾಗಿತ್ತು. ಒಬ್ಬ ಗಣಿಗನನ್ನೂ ಬೀದಿಗೆ ಬಿಡಕೂಡದೆಂದು ಕಾರ್ಮಿಕ ಸಂಘ ಹಟ ಹಿಡಿದಿತ್ತು. ಸಿಕ್ಕ ಹನ್ನೊಂದು ವರ್ಷಗಳಲ್ಲಿ ಹಿರಿಯರಿಗೆ ಪಿಂಚಣಿಯವರೆಗೆ ಭತ್ಯೆ, ಕಿರಿಯರಿಗೆ ಬೇರೆ ವೃತ್ತಿಯ ಶಿಕ್ಷಣ ದೊರೆಯಿತು. ಇದು ಸ್ವರ್ಗವೆಂದು ನಾನು ಹೇಳುತ್ತಿಲ್ಲ. ಪಕ್ಕದ ಗೆಲ್ಸೆನ್‌ಕಿರ್ಷೆನ್ ಇಂದಿಗೂ ದೇಶದಲ್ಲೇ ಅತಿ ಹೆಚ್ಚು ನಿರುದ್ಯೋಗವಿರುವ ನಗರಗಳಲ್ಲೊಂದು. ಗುತ್ತಿಗೆಯ ಕಾರ್ಮಿಕರಿಗೆ ಇಂಥ ರಕ್ಷಣೆ ಸುಲಭವಾಗಿ ಸಿಗುವುದಿಲ್ಲ. ಆದರೂ ಇಲ್ಲಿ ಗಣಿಗನ ಮುಂದಿನ ಬದುಕು ಅವನೊಬ್ಬನ ತಲೆನೋವಾಗಿ ಉಳಿಯಲಿಲ್ಲ.

ಇನ್ನು ನನ್ನ ತಪ್ಪೊಪ್ಪಿಗೆ. ನಮ್ಮ ಕಂಪನಿಯಲ್ಲಿ ನೌಕರರು ಆರಿಸುವ ಮಂಡಳಿ, ಇವರ ಮಾತಿನಲ್ಲಿ 'ಬೆಟ್ರೀಬ್ಸ್‌ರಾಟ್', ಇತ್ತು. ಹದಿನೇಳು ವರ್ಷಗಳಲ್ಲಿ ಅದರ ಚುನಾವಣೆಗೆ ನಾನು ಒಮ್ಮೆಯೂ ಮತ ಹಾಕಲಿಲ್ಲ. ಅದು ಕಾರ್ಖಾನೆಯವರ ಗಲಾಟೆ, ನಾವು ಎಂಜಿನಿಯರುಗಳು, ಅದರಲ್ಲೂ ಹೊರದೇಶದವರು, ತಲೆ ತಗ್ಗಿಸಿ ದುಡಿದರೆ ಸಾಕು ಎಂದುಕೊಂಡಿದ್ದೆ. ವಿಭಾಗ ಮುಚ್ಚುವ ಸುದ್ದಿ ಬಂದಾಗ ಆಡಳಿತದ ಎದುರು ತಿಂಗಳುಗಟ್ಟಲೆ ಕುಳಿತು ನನ್ನ ಪರವಾಗಿ ಚೌಕಾಸಿ ಮಾಡಿದವರು ಅದೇ ಮಂಡಳಿಯವರು. ಅವರು ಗೆದ್ದು ತಂದದ್ದು 'ಟ್ರಾನ್ಸ್‌ಫರ್‌ಗೆಸೆಲ್‌ಶಾಫ್ಟ್', ಎಂದರೆ ಕೆಲಸ ಹೋದವರನ್ನು ಗರಿಷ್ಠ 12 ತಿಂಗಳು ಇಟ್ಟುಕೊಂಡು ತರಬೇತಿ ಕೊಡಿಸುವ ಸಂಸ್ಥೆ. ಆ ಅವಧಿಯಲ್ಲಿ ಕಳೆದುಕೊಂಡ ನಿವ್ವಳ ವೇತನದ 60 ಪ್ರತಿಶತ, ಮಕ್ಕಳಿದ್ದವರಿಗೆ 67 ಪ್ರತಿಶತ, ಸರ್ಕಾರದ ನಿರುದ್ಯೋಗ ವಿಮೆಯಿಂದ ಬರುತ್ತದೆ.

ಹೀಗೆ ನಾನು ರೈಲ್ವೆ ಸಿಗ್ನಲ್‌ಗಳ ಪರೀಕ್ಷಣೆ ಕಲಿತೆ. ಮಗಳ ವಯಸ್ಸಿನ ಶಿಕ್ಷಕಿಯ ಮುಂದೆ ತಪ್ಪು ಉತ್ತರ ಕೊಟ್ಟು ತಲೆ ಕೆರೆದುಕೊಂಡೆ. ಮೊದಲ ತಿಂಗಳು ನಾಚಿಕೆಯಲ್ಲೇ ಕಳೆಯಿತು. ಪಕ್ಕದಲ್ಲಿ ಕುಳಿತಿದ್ದವನು ತುರ್ಕಿಯಿಂದ ಬಂದ ಗಣಿಗನ ಮಗ. ಒಮ್ಮೆ ಅವನಿಗೆ, "ಈ ಸರ್ಕಾರ ನಮ್ಮನ್ನು ಸಾಕುತ್ತಿದೆ" ಎಂದೆ. ಅವನಿಗೆ ಸಿಟ್ಟು ಬಂತು. "ಸಾಕುವುದೇನು? ಇದಕ್ಕಾಗಿ ನನ್ನಪ್ಪ ಮುಷ್ಕರದಲ್ಲಿ ನಿಂತಿದ್ದಾನೆ" ಎಂದ. ಅವನ ಅಪ್ಪ ನಿಂತಿದ್ದಾಗ ನಾನು ಎಲ್ಲಿದ್ದೆ ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ಉತ್ತರವಿರಲಿಲ್ಲ.

ಗೆಳೆಯರೇ, ಮೂರು ಅಂಕಿಗಳನ್ನು ನೆನಪಿಡಿ. ಅಮೆರಿಕದಲ್ಲಿ ಎಚ್-1ಬಿ ವೀಸಾದ ಮೇಲಿರುವ ನಮ್ಮವರಿಗೆ ಕೆಲಸ ಹೋದ ಮೇಲೆ ಕೊಡುವ ಗಡುವು ಗರಿಷ್ಠ 60 ದಿನ. ಭಾರತದ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಮರುಕೌಶಲ ನಿಧಿಯೊಂದಿದೆ. ಹಿಂಬಡ್ತಿಯಲ್ಲ, ಕೆಲಸವೇ ಹೋದ ಕಾರ್ಮಿಕನಿಗಾಗಿ ಮಾಲೀಕ ಅದಕ್ಕೆ ಕಟ್ಟಬೇಕಾದದ್ದು 15 ದಿನಗಳ ವೇತನ. ನನಗೆ ಸಿಕ್ಕದ್ದು 12 ತಿಂಗಳು. ನನ್ನ ಬುದ್ಧಿ ಆ ಗಣಿಗರ ಬುದ್ಧಿಗಿಂತ ದೊಡ್ಡದಾಗಿರಲಿಲ್ಲ. ನನಗೆ ಕಲಿಯಲು ಕಾಲ ಸಿಕ್ಕಿತು, ಅವರಿಗೆ ಸಿಗಲಿಲ್ಲ.

ಜರ್ಮನಿಯಲ್ಲಿ ಕಾರ್ಮಿಕ ಮಂಡಳಿಗೆ ಮತ ಹಾಕಲು, ಸ್ಪರ್ಧಿಸಲು ಪೌರತ್ವ ಬೇಕಿಲ್ಲ. 1972ರ ಕಾನೂನು ನಮ್ಮಂಥವರಿಗೂ ಸ್ಪರ್ಧಿಸುವ ಹಕ್ಕು ಕೊಟ್ಟಿದೆ. ಐದು ಜನ ನೌಕರರಿರುವ ಸಂಸ್ಥೆಯಲ್ಲೂ ಅದನ್ನು ರಚಿಸಬಹುದು. ನಾಲ್ಕು ವರ್ಷಗಳಿಗೊಮ್ಮೆ ಬರುವ ಆ ಚುನಾವಣೆಯ ದಿನ "ನಮಗೇಕೆ" ಎಂದು ಮನೆಗೆ ಹೊರಡಬೇಡಿ. ಹಾಗೆ ಹೊರಟವನು ನಾನು. ಬೇರೆಯವರು ಉಳಿದುಕೊಂಡದ್ದರಿಂದ ಇಂದು ನಿಮ್ಮ ಮುಂದೆ ನಿಂತಿದ್ದೇನೆ.