ಬಂಕಾಪುರದಿಂದ ಬ್ಯಾಡಗಿಗೆ: ಪೇಟೆಯ ಹುಟ್ಟು ಮತ್ತು ಹರವು

ಹಾವೇರಿ ಸೀಮೆಯ ಪೇಟೆಗಳು ಬೆಳೆದದ್ದು ಮಲೆನಾಡಿನ ಸೆರಗು ಬಯಲನ್ನು ಮುಟ್ಟುವಲ್ಲಿ. ಹಾನಗಲ್ಲ ಕಡೆ ಭತ್ತ, ಅಡಿಕೆ, ವೀಳ್ಯದೆಲೆ. ರಾಣೆಬೆನ್ನೂರಿನ ಕಡೆ ಜೋಳ, ಹತ್ತಿ. ಒಂದೆಡೆ ಮಿಕ್ಕದ್ದು ಇನ್ನೊಂದೆಡೆ ಬೇಕಿತ್ತು. ಎತ್ತಿನ ಹೇರುಗಳು ಇಳಿಯಲು ಒಂದು ತಾಣ ಬೇಕಾಯಿತು.

ಇಂಗ್ಲೆಂಡಿನಲ್ಲಿ 13ನೇ ಶತಮಾನದ ಹೊತ್ತಿಗೆ ಸಂತೆ ಕಟ್ಟಲು ರಾಜನ ಸನ್ನದು ಬೇಕಿತ್ತು. ಒಂದು ಸಂತೆಯಿಂದ ಇನ್ನೊಂದಕ್ಕೆ ಸುಮಾರು ಹತ್ತು ಕಿಲೋಮೀಟರಿಗಿಂತ ಹೆಚ್ಚು ಅಂತರವಿರಬೇಕೆಂದು ಅಲ್ಲಿನ ನ್ಯಾಯಗ್ರಂಥ ಹೇಳುತ್ತಿತ್ತು. ದಿನದ ಒಂದು ಪಾಲು ಹೋಗಲು, ಒಂದು ಪಾಲು ವ್ಯಾಪಾರಕ್ಕೆ, ಒಂದು ಪಾಲು ಮರಳಲು ಎಂಬುದು ಅದರ ಲೆಕ್ಕ. ಕನ್ನಡ ನಾಡಿನ ಪೇಟೆಯ ಹುಟ್ಟು ಇಷ್ಟು ಸರಳವಲ್ಲ. ಬಂಕಾಪುರ ರಾಜಧಾನಿಯಾಗಿ ಮೊದಲಾಯಿತು. ರಾಷ್ಟ್ರಕೂಟರ ದಂಡನಾಯಕ ಬಂಕೆಯನ ಹೆಸರಿನ ಈ ಊರಿನಿಂದ ಅವನ ಮಗ ಲೋಕಾದಿತ್ಯ ಬನವಾಸಿ ನಾಡನ್ನು ಆಳಿದ. 898ರಲ್ಲಿ ಗುಣಭದ್ರನ ಉತ್ತರಪುರಾಣಕ್ಕೆ ಇಲ್ಲಿಯೇ ಪೂಜೆ ಸಂದಿತು. ಹಾವೇರಿ ಮಹಾಜನರ ಅಗ್ರಹಾರವಾಗಿತ್ತು. ಪಶ್ಚಿಮಕ್ಕೆ ಮುಖಮಾಡಿದ ಪುರದ ಸಿದ್ಧೇಶ್ವರ ಗುಡಿ ಅದರ ಕಲ್ಯಾಣ ಚಾಲುಕ್ಯರ ಕಾಲದ ಸಾಕ್ಷಿ. ಬಿತ್ತಿದವರು ಅರಸರಾಗಲಿ ವಿಪ್ರರಾಗಲಿ, ಊರನ್ನು ಬೆಳೆಸಿದವರು ವರ್ತಕರು. ಬಂಕಾಪುರದ ಕೋಟೆಯೊಳಗಿನ ಅರವತ್ತು ಕಂಬದ ಗುಡಿಗೆ ನಗರೇಶ್ವರನೆಂಬ ಹೆಸರಿದೆ. ವರ್ತಕರ ಸಂಘವನ್ನು ಶಾಸನಗಳು ಕರೆಯುವುದೂ ನಗರವೆಂದೇ.

ಇಂಥ ಊರಿನ ಹರವನ್ನು ಕೋಟೆಗೋಡೆಯಿಂದ ಅಳೆದರೆ ತಪ್ಪು ಉತ್ತರ ಸಿಗುತ್ತದೆ. ನಿಜವಾದ ಅಳತೆಗೋಲು ಸುಂಕ. ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ಸುಂಕಗಳ ಹುಟ್ಟುವಳಿಯಲ್ಲಿ ಒಂದು ಪಾಲನ್ನು ದೇವರ ನಂದಾದೀಪಕ್ಕೋ ಅಂಗಭೋಗಕ್ಕೋ ಬಿಟ್ಟುಕೊಡುವಾಗ ಶಾಸನಗಳು ಸರಕನ್ನು ಹೆಸರಿಸುತ್ತವೆ: ಹೇರಿಗೆ ಇಷ್ಟು ಎಲೆ, ಗಾಣಕ್ಕೆ ಇಷ್ಟು ಎಣ್ಣೆ. ಐಹೊಳೆಯ ಅಯ್ಯಾವೊಳೆ ಐನೂರ್ವರೆಂಬ ವರ್ತಕ ಸಂಘದ ಹೆಸರು ಕರ್ನಾಟಕದಾಚೆ ತಮಿಳು ನಾಡಿನ ಶಾಸನಗಳಲ್ಲೂ ಬರುತ್ತದೆ. ಹೇರು ಬರುವಷ್ಟು ದೂರವೂ ಪೇಟೆಯದೇ ನೆಲ. ದಾನಶಾಸನಗಳನ್ನು ವಂಶಾವಳಿಗಾಗಿ ಓದಿದಷ್ಟು ಶ್ರದ್ಧೆಯಿಂದ ಈ ಸರಕಿನ ಸಾಲುಗಳಿಗಾಗಿಯೂ ಓದಬೇಕಾದದ್ದು ಸಂಶೋಧಕರ ಮುಂದಿರುವ ದೊಡ್ಡ ಕೆಲಸ.

16ನೇ ಶತಮಾನದಲ್ಲಿ ಬಂಕಾಪುರ ಬಿಜಾಪುರದ ಅಲಿ ಆದಿಲ್ ಶಾಹನ ವಶವಾಯಿತು. ಮುಂದೆ ಹುಬ್ಬಳ್ಳಿ–ಹರಿಹರ ರೈಲುದಾರಿ ಅದನ್ನು ಬದಿಗಿಟ್ಟು ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳನ್ನು ಹಾದುಹೋಯಿತು. ಬ್ಯಾಡಗಿಯ ಹೆಸರು ಹೊತ್ತ ಮೆಣಸಿನಕಾಯಿ ಮಧ್ಯಯುಗದ ಸಂತೆಯಲ್ಲಿ ಇರಲೇ ಇಲ್ಲ. ಪೋರ್ಚುಗೀಸರ ಹಡಗಿನಲ್ಲಿ ಅಮೆರಿಕದ ಗಿಡವಾಗಿ ಬಂದದ್ದು ಅದು. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಆ ಕಾಯಿ ಇಂದು ಬಳ್ಳಾರಿ, ರಾಯಚೂರುಗಳಿಂದಲೂ ಆಂಧ್ರದಿಂದಲೂ ಲಾರಿಗಳಲ್ಲಿ ಬ್ಯಾಡಗಿಗೆ ಬಂದು ಇಳಿಯುತ್ತದೆ. ಪುರಸಭೆಯ ನಕ್ಷೆಯಲ್ಲಿ ಚಿಕ್ಕದಾಗಿ ಕಾಣುವ ಈ ಊರಿನ ಪೇಟೆ ಅಷ್ಟು ದೂರದವರೆಗೆ ಹರಡಿದೆ.