ಹಳೆಯ ಕಾರಿನ ಸೆನ್ಸರು: ಬದಲಿಸುವ ಮೊದಲು ಪರೀಕ್ಷಿಸಿರಿ
(ನಮ್ಮ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣ)



ನಾನು ಇಂಜಿನಿಯರನಲ್ಲ. ಮ್ಯಾಟ್ರಿಕ್ ಮುಗಿಸಿ ಗಿರಣಿಯಲ್ಲಿ ಲೆಕ್ಕ ಬರೆಯುವ ಕಾರಕೂನ. ಆದರೆ ಹಳೆಯ ಕಾರಿನ ರೋಗ ಎಷ್ಟೋ ಸಲ ಯಂತ್ರದ ರೋಗವಾಗಿರದೆ ಲೆಕ್ಕದ ರೋಗವಾಗಿರುತ್ತದೆ. ಆದ್ದರಿಂದ ನಾಲ್ಕು ಮಾತು ಹೇಳುವ ಧೈರ್ಯ ಮಾಡಿದ್ದೇನೆ.

ಪುಣೆಯಲ್ಲಿರುವ ನಮ್ಮ ಅನೇಕ ಕುಟುಂಬಗಳು ಹದಿನೈದು ಇಪ್ಪತ್ತು ವರ್ಷದ ಕಾರನ್ನೇ ಇಟ್ಟುಕೊಂಡಿವೆ. ಮಕ್ಕಳು ಮರಿಗಳೊಡನೆ ಖಂಬಾಟಕಿ ಘಾಟು ಏರಿ ಬೆಳಗಾವಿ, ಧಾರವಾಡಗಳಿಗೆ ಹೋಗುವುದೂ ಅದರಲ್ಲಿಯೇ. ಅಂಥ ಕಾರು ಕಪ್ಪು ಹೊಗೆ ಬಿಟ್ಟು ಪೆಟ್ರೋಲು ಕುಡಿಯತೊಡಗಿದರೆ ಮನೆಯ ಖರ್ಚೆಲ್ಲ ತಲೆಕೆಳಗಾಗುತ್ತದೆ.

1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಮೊದಲು ಕಾರ್ಬ್ಯುರೇಟರಿನ ಗಾಡಿ. 2000ದ ಸುಮಾರಿಗೆ ಹೊಗೆಯ ನಿಯಮಗಳು ಬಿಗಿಯಾದಂತೆ, ಪೆಟ್ರೋಲನ್ನು ಅಳೆದು ಸಿಂಪಡಿಸುವ ಇಂಜೆಕ್ಟರುಗಳೂ ಅವಕ್ಕೆ ಅಪ್ಪಣೆ ಕೊಡುವ ಪುಟ್ಟ ಕಂಪ್ಯೂಟರೂ ನಮ್ಮ ಕಾರುಗಳಿಗೆ ಬಂದವು. 2010ರ ಏಪ್ರಿಲಿನಲ್ಲಿ ಭಾರತ್ ಸ್ಟೇಜ್ 4 ನಿಯಮ ಮೊದಲು ಜಾರಿಯಾದ ನಗರಗಳಲ್ಲಿ ಪುಣೆಯೂ ಒಂದು. ತನ್ನ ದೋಷವನ್ನು ತಾನೇ ಸಂಕೇತದಲ್ಲಿ ಬರೆದಿಡುವ ಏರ್ಪಾಡು ಅಲ್ಲಿಂದ ಮುಂದೆ ಹೊಸ ಕಾರುಗಳಿಗೆ ಕಡ್ಡಾಯವಾಗುತ್ತ ಬಂದಿತು.

ಈ ಕಂಪ್ಯೂಟರಿಗೆ ಸ್ವಂತ ಕಣ್ಣಿಲ್ಲ. ಸೆನ್ಸರುಗಳು ಕಳಿಸಿದ ಅಂಕಿಯೇ ಅದಕ್ಕೆ ಆಧಾರ. ನೂಲಿನ ಖಾತೆಯಿಂದ ತಪ್ಪು ಹಾಜರಿ ಬಂದರೆ, ನಾವು ಎಷ್ಟೇ ಸರಿಯಾಗಿ ಕೂಡಿಸಿದರೂ ಪಗಾರ ತಪ್ಪಾಗುತ್ತದಷ್ಟೆ? ಇಲ್ಲಿಯೂ ಹಾಗೆಯೇ.

ಇಂಜಿನಿನ ನೀರಿನ ಉಷ್ಣತೆ ತಿಳಿಸುವ ಸೆನ್ಸರನ್ನೇ ತೆಗೆದುಕೊಳ್ಳಿರಿ. ತಣ್ಣಗಿದ್ದಾಗ ಅದರ ವಿದ್ಯುತ್ ಪ್ರತಿರೋಧ ಹೆಚ್ಚು, ಕಾದಂತೆ ಕಡಿಮೆ. ಅನೇಕ ಕಾರುಗಳಲ್ಲಿ 20 ಡಿಗ್ರಿಗೆ 2000ದಿಂದ 3000 ಓಮ್, 80 ಡಿಗ್ರಿಗೆ ಸುಮಾರು 300 ಓಮ್ ಇರುತ್ತದೆ. ಅದು ಹಳತಾಗಿ, ಕಾದ ಇಂಜಿನನ್ನು ತಣ್ಣಗಿದೆ ಎಂದು ಹೇಳತೊಡಗಿದರೆ ಕಂಪ್ಯೂಟರು ಹೆಚ್ಚು ಪೆಟ್ರೋಲು ಸುರಿಯುತ್ತದೆ. ಅನೇಕ ಗಾಡಿಗಳಲ್ಲಿ ರೇಡಿಯೇಟರಿನ ಪಂಖಾ ತಿರುಗುವುದೂ ಇದೇ ಅಂಕಿಯ ಮೇಲೆ. ಘಾಟಿನಲ್ಲಿ ಪಂಖಾ ತಿರುಗದಿದ್ದರೆ ಆಗುವ ಅನಾಹುತ ನಿಮಗೆ ಗೊತ್ತೇ ಇದೆ.

ನಮ್ಮ ಓದುಗರೊಬ್ಬರ ಕಾರಿನಲ್ಲಿ 'ಪೆಟ್ರೋಲು ಹೆಚ್ಚಾಗಿದೆ' ಎಂಬ ಸಂಕೇತ ಬಂದಿತು. ಮಿಸ್ತ್ರಿ ಆಕ್ಸಿಜನ್ ಸೆನ್ಸರನ್ನು ಬದಲಿಸಿದ. ಸಾವಿರಾರು ರೂಪಾಯಿ ಹೋಯಿತು, ಹೊಗೆ ಹೋಗಲಿಲ್ಲ. ಆ ಸೆನ್ಸರು ನಿಜವನ್ನೇ ಹೇಳಿತ್ತು. ಸುಳ್ಳು ಹೇಳಿದ್ದು ನೀರಿನ ಸೆನ್ಸರು. ಸತ್ಯ ನುಡಿದವನಿಗೆ ಶಿಕ್ಷೆಯಾಯಿತು! ಸಂಕೇತವು ದೋಷ ಯಾವ ದಾರಿಯಲ್ಲಿದೆ ಎಂದು ತೋರಿಸುತ್ತದೆಯೇ ಹೊರತು ಯಾವ ಭಾಗವನ್ನು ಕೊಳ್ಳಬೇಕೆಂದು ಹೇಳುವುದಿಲ್ಲ. ಈ ಸಂಜೆ ನಾನು ಹೇಳಬೇಕಾದ ಮುಖ್ಯ ಮಾತು ಇದೇ.

ಪರೀಕ್ಷೆ ಹೀಗೆ. ರಾತ್ರಿಯೆಲ್ಲ ನಿಂತ ಕಾರಿಗೆ ಬೆಳಿಗ್ಗೆ ಸ್ಕ್ಯಾನರು ಹಚ್ಚಿ, ಇಂಜಿನು ಚಾಲೂ ಮಾಡದೆ ಕೀಲಿಯನ್ನು ಮಾತ್ರ ತಿರುಗಿಸಿರಿ. ನೀರಿನ ಉಷ್ಣತೆಯೂ ಒಳಬರುವ ಗಾಳಿಯ ಉಷ್ಣತೆಯೂ ಹೊರಗಿನ ಹವೆಗೆ ಹತ್ತಿರವಿರಬೇಕು. ಒಂದೇ ಬಹಳ ದೂರವಿದ್ದರೆ ಸಂಶಯ ಅದರ ಮೇಲೆ. ಸೊನ್ನೆಗಿಂತ 40 ಡಿಗ್ರಿ ಕೆಳಗೆ ತೋರಿಸಿದರೆ ತಂತಿ ಕಡಿದಿರಬಹುದು, ಕನೆಕ್ಟರು ಸಡಿಲಾಗಿರಬಹುದು. ಪುಣೆಯಲ್ಲಿ ಅಂಥ ಚಳಿ ಎಲ್ಲಿಂದ ಬರಬೇಕು?

ಅನಂತರ ಇಂಜಿನು ಚಾಲೂ ಮಾಡಿರಿ. ಅಂಕಿ ಜಿಗಿಯದೆ, ಒಂದೇ ಸಮನೆ 80-90 ಡಿಗ್ರಿಯ ಸುಮಾರಿಗೆ ಏರಬೇಕು. ಬಹಳ ಹೊತ್ತಾದರೂ 60ರ ಹತ್ತಿರವೇ ನಿಂತರೆ ತೆರೆದೇ ಉಳಿದ ಥರ್ಮೋಸ್ಟಾಟಿನ ದೋಷವೂ ಇರಬಹುದು. ಸ್ಕ್ಯಾನರು ಹಚ್ಚಲು ಬಾರದ ಹಳೆಯ ಗಾಡಿಯಾದರೆ ಕನೆಕ್ಟರು ಬಿಚ್ಚಿ, ತಣ್ಣಗಿದ್ದಾಗ ಒಮ್ಮೆ, ಕಾದಾಗ ಒಮ್ಮೆ ಮಲ್ಟಿಮೀಟರಿನಿಂದ ಓಮ್ ಅಳೆಯಿರಿ. ಆ ಕಾರಿನ ಕೈಪಿಡಿಯ ಅಂಕಿಗಳೊಡನೆ ಹೋಲಿಸಿರಿ. ಕನೆಕ್ಟರಿನಲ್ಲಿ ಹಸಿರು ಕಿಲುಬು ಇದೆಯೇ, ರೇಡಿಯೇಟರಿನಲ್ಲಿ ನೀರು ಸಾಕಷ್ಟಿದೆಯೇ ನೋಡಿರಿ. ನೀರು ಕಡಿಮೆಯಾಗಿ ಸೆನ್ಸರು ಗಾಳಿಯಲ್ಲಿ ನಿಂತರೆ ಅದು ತಪ್ಪು ಹೇಳದೆ ಏನು ಮಾಡೀತು? ಮುಂದಿನ ಮುಳ್ಳು ಸರಿ ತೋರಿಸುತ್ತಿದೆ ಎಂದು ನಂಬಿ ಕೂಡುವಂತಿಲ್ಲ. ಕೆಲವು ಹಳೆಯ ಕಾರುಗಳಲ್ಲಿ ಮುಳ್ಳಿಗೆ ಬೇರೆ ಸೆನ್ಸರು, ಕಂಪ್ಯೂಟರಿಗೆ ಬೇರೆ.

ಒಂದು ಎಚ್ಚರಿಕೆ: ಇಂಜಿನು ಕಾದಿರುವಾಗ ರೇಡಿಯೇಟರಿನ ಮುಚ್ಚಳವನ್ನಾಗಲಿ ಸೆನ್ಸರನ್ನಾಗಲಿ ಬಿಚ್ಚಕೂಡದು. ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ.

ಇಷ್ಟೆಲ್ಲ ನೋಡಿದ ಮೇಲೆ ಸೆನ್ಸರೇ ಕೆಟ್ಟಿದೆ ಎಂದು ಕಂಡರೆ ಧಾರಾಳವಾಗಿ ನಾನಾ ಪೇಠೆಗೆ ಹೋಗಿ ಹೊಸದನ್ನು ತನ್ನಿರಿ. ಮಿಸ್ತ್ರಿಯೊಡನೆ ಜಗಳ ಬೇಡ. "ಬದಲಿಸುವ ಮೊದಲು ಅಳೆದು ತೋರಿಸಿರಿ" ಎಂದು ಕೇಳಿದರೆ ಸಾಕು. ಒಳ್ಳೆಯ ಮಿಸ್ತ್ರಿ ಅದಕ್ಕೆ ಬೇಸರಪಡುವುದಿಲ್ಲ. ಕಾರು ನೆಟ್ಟಗಿರುವಾಗಲೇ ಅದರ ತಣ್ಣನೆಯ ಅಂಕಿ, ಬಿಸಿಯ ಅಂಕಿ, ತಾರೀಖು ಇವನ್ನು ಒಂದು ಸಣ್ಣ ನೋಟುಬುಕ್ಕಿನಲ್ಲಿ ಬರೆದು ಗಾಡಿಯಲ್ಲಿಡಿರಿ. ಆರೋಗ್ಯದ ಲೆಕ್ಕ ಕೈಯಲ್ಲಿದ್ದರೆ ರೋಗದ ಲೆಕ್ಕ ಬೇಗ ಬಗೆಹರಿಯುತ್ತದೆ.